ಸಾಂಬ್ರಾನೋ, ಕೊಲ್ಹಾಪುರಾನೋ?

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ವಿಮಾನ ಅಂದ್ರೆ ಮೊದಲು ನೆನಪಾಗೋದು ಬೆಳಗಾವಿಯ ಸಾಂಬ್ರಾ. ಆದ್ರೆ ನಿಪ್ಪಾಣಿ, ಕಾಗವಾಡದವರಿಗೆ ಹತ್ತಿರ ಇರೋದು ಮಹಾರಾಷ್ಟ್ರದ ಕೊಲ್ಹಾಪುರ ನಿಲ್ದಾಣ.

ಮಜಾ ಏನಂದ್ರೆ, ಕೊಲ್ಹಾಪುರದ್ದು ಶುರುವಾಗಿದ್ದು 1939ರಲ್ಲಿ. ಸಾಂಬ್ರಾದ್ದು 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು. ನಡುವಿನ ಈ ರಾಜ್ಯ ಗಡಿ ಬಂದಿದ್ದು 1956ರಲ್ಲಿ!

ಇನ್ನೊಂದು ಸಂಗತಿ. ಬೆಳಗಾಂ 2014ರಲ್ಲಿ ಅಧಿಕೃತವಾಗಿ ಬೆಳಗಾವಿ ಆಯ್ತು. ಲಗೇಜ್ ಚೀಟಿ ಮೇಲಿನ ಕೋಡ್ ಮಾತ್ರ ಹಳೇದೇ, ಐಎಕ್ಸ್‌ಜಿ. ಕೊಲ್ಹಾಪುರದ್ದು ಕೆಎಲ್‌ಎಚ್.

ನಾನು ಬಿಕಾಂ ಓದಿದವನು, ಲೆಕ್ಕ ಬಿಡಲ್ಲ. ಟಿಕೆಟ್ ಹುಡುಕುವಾಗ ಎರಡೂ ಕೋಡ್ ಹಾಕ್ರಿ, ಮನೆಯಿಂದ ನಿಲ್ದಾಣಕ್ಕೆ ಗಾಡಿ ಬಾಡಿಗೆ ಎಷ್ಟು ಅಂತ ಅದಕ್ಕೆ ಕೂಡಿಸ್ರಿ. ಬುಕ್ ಮಾಡೋದು ಗಡಿ ನೋಡಿ ಅಲ್ಲ, ಒಟ್ಟು ಖರ್ಚು ನೋಡಿ.