ನೀರಿಗೆ ಊರಿನ ಎಲ್ಲೆಯಿಲ್ಲ



ಕೊಳಾಯಿಯನ್ನು ತಿರುಗಿಸಿದೊಡನೆ ನೀರು ಬರುತ್ತದೆ. ಬಳಸಿದ ನೀರು ಮೋರಿಯಲ್ಲಿ ಹರಿದು ಕಣ್ಮರೆಯಾಗುತ್ತದೆ. ಅದು ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು ಎಂದು ಪಟ್ಟಣವಾಸಿಗಳಾದ ನಾವು ವಿಚಾರಿಸುವುದು ಅಪೂರ್ವ. ಊರಿನ ಎಲ್ಲೆಯನ್ನು ದಾಟಿದ ಕೊಳಚೆ ನಮ್ಮದಲ್ಲವೆಂದು ಭಾವಿಸುತ್ತೇವೆ. ಆದರೆ ಪುರಸಭೆಯ ಎಲ್ಲೆಯನ್ನು ನೀರು ಬಲ್ಲದೆ? ಈ ಪಾಠವನ್ನು ಬಹು ಕಷ್ಟದಿಂದ ಕಲಿತ ಒಂದು ನಾಡಿನ ವೃತ್ತಾಂತವನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇವೆ.

ಜರ್ಮನಿಯ ಪಶ್ಚಿಮ ಭಾಗದಲ್ಲಿ ಎಮ್ಶರ್ ಎಂಬ ಚಿಕ್ಕ ನದಿಯಿದೆ. ಅದು ಡಾರ್ಟ್‌ಮುಂಡ್ ನಗರದ ಬಳಿ ಹುಟ್ಟಿ, ಸುಮಾರು 80 ಕಿಲೋಮೀಟರು ಹರಿದು ರೈನ್ ನದಿಯನ್ನು ಸೇರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಸುತ್ತ ಕಲ್ಲಿದ್ದಲಿನ ಗಣಿಗಳೂ ಉಕ್ಕಿನ ಕಾರ್ಖಾನೆಗಳೂ ತಲೆಯೆತ್ತಿದುವು, ಹಳ್ಳಿಗಳು ನಗರಗಳಾದುವು. ಎಲ್ಲರ ಕೊಳಚೆಯೂ ಆ ಒಂದೇ ನದಿಗೆ ಬಿದ್ದಿತು. ಗಣಿಗಳ ಅಗೆತದಿಂದ ನೆಲ ಕುಸಿದು, ನದಿಯ ಓಟ ಕೆಟ್ಟು, ಹೊಲಸು ನೀರು ಹೊಲಮನೆಗಳಿಗೆ ನುಗ್ಗಿತು. ಜ್ವರಗಳು ಹರಡಿದುವು. ಯಾವ ಒಂದು ಊರೂ ತಾನೊಂದೇ ನಿಂತು ಪರಿಹರಿಸಬಲ್ಲ ಸಂಕಟ ಇದಾಗಿರಲಿಲ್ಲ.

ಕೊನೆಗೆ 1899ರ ಡಿಸೆಂಬರ್ 14ರಂದು ಆ ಪ್ರಾಂತದ ಊರುಗಳ, ಗಣಿಗಳ, ಕಾರ್ಖಾನೆಗಳ ಪ್ರತಿನಿಧಿಗಳು ಬೋಖುಮ್ ನಗರದಲ್ಲಿ ಸಭೆ ಸೇರಿ ಎಮ್ಶರ್ ಸಹಕಾರ ಮಂಡಲಿಯನ್ನು ಸ್ಥಾಪಿಸಿದರು. 1904ರಲ್ಲಿ ಪ್ರಷ್ಯಾ ಸರ್ಕಾರವು ಅದಕ್ಕೆ ಶಾಸನದ ಬಲವನ್ನು ಕೊಟ್ಟಿತು. ಮಂಡಲಿಯ ಜೀವಾಳವೆಲ್ಲ ಒಂದು ನಿಯಮದಲ್ಲಿತ್ತು: ನದಿಗೆ ಹಾನಿಯನ್ನು ಉಂಟುಮಾಡುವವರೂ, ಕೆಲಸದಿಂದ ಲಾಭ ಹೊಂದುವವರೂ ತಮ್ಮ ತಮ್ಮ ಪಾಲಿಗೆ ತಕ್ಕಂತೆ ವೆಚ್ಚವನ್ನು ಹೊರತಕ್ಕದ್ದು. ಔದಾರ್ಯವನ್ನು ನಂಬಿ ಕೂಡಲಿಲ್ಲ. ಲೆಕ್ಕವನ್ನು ನಂಬಿ ಕೂಡಿದರು.

ಕಾಲವಿಳಂಬದ ಬೆಲೆ ಎಷ್ಟೆಂಬುದು ಬೇಗನೆ ತಿಳಿಯಿತು. 1901ರಲ್ಲಿ ಅದೇ ಪ್ರಾಂತದ ಗೆಲ್ಸೆನ್‌ಕಿರ್ಖನ್ ನಗರದಲ್ಲಿ ವಿಷಮಶೀತಜ್ವರವು ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿಯಿತು. ಪ್ರಖ್ಯಾತ ವಿಜ್ಞಾನಿ ರಾಬರ್ಟ್ ಕೋಖ್ ಅವರು ವಿಚಾರಣೆ ನಡೆಸಿ, ದೋಷವು ಕುಡಿಯುವ ನೀರಿನಲ್ಲಿದೆಯೆಂದು ಅಭಿಪ್ರಾಯಪಟ್ಟರು. ಆ ನೀರು ನೆರೆಯ ರೂರ್ ನದಿಯದು. ಆ ನದಿಗೂ 1913ರಲ್ಲಿ ಶಾಸನಬದ್ಧವಾದ ಮಂಡಲಿ ಏರ್ಪಟ್ಟಿತು.

ಕುಸಿಯುವ ನೆಲದಲ್ಲಿ ಒಳಚರಂಡಿಯ ಕೊಳವೆಗಳು ಒಡೆಯುವುದರಿಂದ, ಎಮ್ಶರ್ ನದಿಯನ್ನೇ ಕಾಂಕ್ರೀಟಿನ ತೆರೆದ ಕಾಲುವೆಯಾಗಿ ಮಾರ್ಪಡಿಸಿದರು. ಜನರ ಆರೋಗ್ಯ ಉಳಿಯಿತು; ನದಿಯು ಮೋರಿಯಾಯಿತು. ಗಣಿಗಳು ಉತ್ತರಕ್ಕೆ ಸರಿದು ನೆಲ ಸ್ಥಿರವಾದ ಬಳಿಕ, 1990ರ ದಶಕದ ಆರಂಭದಲ್ಲಿ ಅದೇ ಮಂಡಲಿಯು ಆ ಸಾಲವನ್ನು ತೀರಿಸಲು ಮುಂದಾಯಿತು. ಸುಮಾರು 51 ಕಿಲೋಮೀಟರುಗಳ ನೆಲದಡಿಯ ಮಹಾಚರಂಡಿಯನ್ನು ಕಟ್ಟಿತು. 2021ರ ಅಂತ್ಯದ ವೇಳೆಗೆ ನದಿಗೆ ಕೊಳಚೆ ಬೀಳುವುದು ನಿಂತಿತು. ಮೂವತ್ತು ವರ್ಷಗಳ ಈ ಕಾರ್ಯವನ್ನು ಒಂಟಿ ಪುರಸಭೆಯೊಂದು ಮಾಡಬಲ್ಲುದೆ?

ಈಗ ನಮ್ಮ ಮನೆಯ ಕಡೆ ನೋಡೋಣ. ಬೆಂಗಳೂರಿನ ನಗರಕ್ಕೂ ದಂಡಿಗೂ ಇದ್ದ ಬೇರೆ ಬೇರೆ ಪುರಸಭೆಗಳು 1949ರಲ್ಲಿ ಒಂದಾದುವು; 1964ರಲ್ಲಿ ನೀರಿಗೂ ಒಳಚರಂಡಿಗೂ ಒಂದೇ ಮಂಡಲಿ ಹುಟ್ಟಿತು. ಆದರೂ ವೃಷಭಾವತಿಯು ನಗರದ ಕೊಳಚೆಯನ್ನು ಹೊತ್ತು ಬೈರಮಂಗಲದ ಕೆರೆಗೆ ಇಳಿದಿದೆ. ಆ ಕೆರೆಯ ಕೆಳಗಿನ ರೈತನಿಗೆ ನಗರದ ಸಭೆಯಲ್ಲಿ ಪೀಠವಿಲ್ಲ. ಒಂದೇ ನೀರಿನ ಪಾಲುಗಾರರೆಲ್ಲರೂ ಒಂದೇ ಲೆಕ್ಕದ ಪುಸ್ತಕದ ಮುಂದೆ ಕುಳಿತುಕೊಳ್ಳುವವರೆಗೆ, ನಾವು ತೊಳೆದುಕೊಂಡ ಕೈ ಶುದ್ಧವಾಯಿತೆಂದು ಹೇಳುವ ಹಕ್ಕು ನಮಗೆಲ್ಲಿಯದು?