ಡೈ ಕಟ್ಟುವ ಮುಂಚೆ, ಸಹಿ ಹಾಕುವ ಮುಂಚೆ
(ಫ್ರಿಸ್ಕೋದಲ್ಲಿ ಆಡಿದ ಮಾತಿನ ಬರಹ ರೂಪ)

ಪೀಣ್ಯದ ಶಾಪ್‌ಗಳಲ್ಲೋ, ರಾಜಾಜಿನಗರದ ಜಿಟಿಟಿಸಿಯಲ್ಲೋ ಪ್ರೆಸ್ ಟೂಲ್ ಕಲಿತು ಟೆಕ್ಸಾಸ್‌ಗೆ ಬಂದಿರುವವರಿಗೆ, ಬರಲು ಹೊರಟಿರುವವರಿಗೆ ಈ ಮಾತು. ನಾನು ಓದಿದ್ದು ಬಿ.ಕಾಂ., ಮಾಡೋದು ಲೆಕ್ಕದ ಕೆಲಸ. ಡೈ ಹೇಗೆ ಮಾಡಬೇಕು ಅಂತ ನಿಮಗೆ ಕಲಿಸೋಕೆ ನಾನ್ಯಾರು? ಆದರೆ ತಗಡಿನ ಪಾರ್ಟ್ ಸ್ಕ್ರ್ಯಾಪ್ ಆದರೆ ಆ ದುಡ್ಡು, ಪ್ರೆಸ್‌ನಲ್ಲಿ ಬೆರಳು ಹೋದರೆ ಆ ಆಸ್ಪತ್ರೆ ಬಿಲ್ಲು, ಎರಡೂ ಕೊನೆಗೆ ಬರೋದು ಲೆಕ್ಕದವರ ಮೇಜಿಗೇ.

ಫ್ರಿಸ್ಕೋ ಅಂದರೆ ಎಲ್ಲರಿಗೂ ಸಾಫ್ಟ್‌ವೇರೇ ನೆನಪಾಗೋದು. ಆದರೆ ಇಲ್ಲಿಂದ ದೂರವಿಲ್ಲದ ಅರ್ಲಿಂಗ್ಟನ್‌ನಲ್ಲಿ 1954ರಿಂದ ಜನರಲ್ ಮೋಟರ್ಸ್ ಕಾರ್ಖಾನೆ ಇದೆ. ಹೂಸ್ಟನ್ ಪಕ್ಕದ ವಾಲರ್‌ನಲ್ಲಿ ಡೈಕಿನ್ ಎಸಿ, ಆಸ್ಟಿನ್‌ನಲ್ಲಿ 2022ರಿಂದ ಟೆಸ್ಲಾ. ಇವಲ್ಲದೆ ಸಣ್ಣ ಶೀಟ್ ಮೆಟಲ್ ಶಾಪ್‌ಗಳು ಬೇಕಾದಷ್ಟು.

ಮೊದಲು ಗೇಜ್ ವಿಷಯ. ನಮ್ಮ ಕಡೆ ಅಂಗಡಿಯಲ್ಲಿ "16 ಗೇಜ್ ತಗಡು" ಅಂದರೆ ಸಾಮಾನ್ಯವಾಗಿ ಎಸ್‌ಡಬ್ಲ್ಯೂಜಿ ಲೆಕ್ಕ, ದಪ್ಪ 1.63 ಮಿ.ಮೀ. ಇಲ್ಲಿ 16 ಗೇಜ್ ಉಕ್ಕು ಅಂದರೆ 1.52 ಮಿ.ಮೀ. ಅದೇ 16 ಗೇಜ್ ಅಲ್ಯೂಮಿನಿಯಂ 1.29, ಸ್ಟೇನ್‌ಲೆಸ್ 1.59. ನಂಬರ್ ಒಂದೇ, ತಗಡು ನಾಲ್ಕು! ಕ್ಯಾಡ್‌ನಲ್ಲಿ 1.63 ಅಂತ ಕೊಟ್ಟು ಫ್ಲಾಟ್ ಪ್ಯಾಟರ್ನ್ ಬಿಡಿಸಿ, ಪ್ರೆಸ್ ಬ್ರೇಕ್‌ನಲ್ಲಿ 1.52 ಉಕ್ಕು ಬಗ್ಗಿಸಿದರೆ ಏನಾಗುತ್ತೆ ನೋಡಿ. ಒಳ ರೇಡಿಯಸ್ 1.5 ಮಿ.ಮೀ., ಕೆ-ಫ್ಯಾಕ್ಟರ್ 0.44 ಅಂತ ಇಟ್ಟುಕೊಂಡರೆ, 90 ಡಿಗ್ರಿಯ ಒಂದು ಬೆಂಡಿಗೆ ಸುಮಾರು 0.14 ಮಿ.ಮೀ. ವ್ಯತ್ಯಾಸ. ಅಷ್ಟೇನಾ ಅಂತೀರಿ. ನಾಲ್ಕು ಬೆಂಡ್ ಇರೋ ಪೆಟ್ಟಿಗೆಯಲ್ಲಿ ಅದು ಅರ್ಧ ಮಿಲಿಮೀಟರ್ ದಾಟುತ್ತೆ, ತೂತಿಗೆ ತೂತು ಸೇರಲ್ಲ. ಹಾಗಾಗಿ ಡ್ರಾಯಿಂಗ್‌ನಲ್ಲಿ ಗೇಜ್ ನಂಬರ್ ಒಂದನ್ನೇ ನಂಬಬೇಡಿ. ದಪ್ಪವನ್ನು ಇಂಚಿನ ದಶಮಾಂಶದಲ್ಲೋ ಮಿ.ಮೀ.ನಲ್ಲೋ ಬರೆಸಿಕೊಳ್ಳಿ. ತಗಡು ಬಂದ ಮೇಲೆ ಮೈಕ್ರೋಮೀಟರ್ ಹಿಡಿದು ನೋಡಿ.

ಹಾಗೇ, ನಾವು ಕಲಿತದ್ದು ಫಸ್ಟ್ ಆಂಗಲ್, ಇಲ್ಲಿ ನಡೆಯೋದು ಥರ್ಡ್ ಆಂಗಲ್. ಟೈಟಲ್ ಬ್ಲಾಕಿನ ಆ ಸಣ್ಣ ಚಿಹ್ನೆ ನೋಡದಿದ್ದರೆ ಎಡಗಡೆ ಬ್ರ್ಯಾಕೆಟ್ ಬಲಗಡೆಯದಾಗುತ್ತೆ.

ಲೇಸರ್‌ನಲ್ಲಿ ಕತ್ತರಿಸೋ ಕೆಲಸವಾದರೆ ಇಂಥ ತಪ್ಪಿಗೆ ಫೈಲ್ ಬದಲಿಸಿದರೆ ಆಯ್ತು, ನಷ್ಟ ಕೆಲವು ಶೀಟು. ಡೈಯಲ್ಲಿ ಹಾಗಲ್ಲ. ಲೆಕ್ಕಕ್ಕೆ ಒಂದು ಡೈಗೆ 20,000 ಡಾಲರ್ ಅಂತ ಹಿಡಿಯಿರಿ. 1,000 ಪೀಸ್‌ಗೆ ಹಂಚಿದರೆ ಪೀಸಿಗೆ 20 ಡಾಲರ್, 1 ಲಕ್ಷಕ್ಕೆ ಹಂಚಿದರೆ 20 ಸೆಂಟ್. ಲಕ್ಷದ ನಂಬಿಕೆಯ ಮೇಲೆ ಡೈ ಕಟ್ಟಿಸಿರೋ ಮಾಲೀಕನಿಗೆ, ಗಟ್ಟಿ ಮಾಡಿದ ಟೂಲ್ ಸ್ಟೀಲನ್ನ ಮತ್ತೆ ತಿದ್ದಬೇಕು ಅಂದರೆ ಕೋಪ ಬರೋದು ಸಹಜ. ಆ ಕೋಪದಲ್ಲಿ "ನಿನ್ನ ಸಂಬಳದಲ್ಲಿ ಹಿಡೀತೀನಿ" ಅನ್ನೋ ಮಾತೂ ಬರಬಹುದು.

ಇಲ್ಲಿ ಗಮನ ಕೊಡಿ. ಟೆಕ್ಸಾಸ್ ಪೇಡೇ ಕಾನೂನಿನ ಪ್ರಕಾರ ಕೋರ್ಟ್ ಆದೇಶ, ಬೇರೆ ಕಾನೂನಿನ ಅನುಮತಿ, ಇಲ್ಲಾ ನೀವೇ ನಿರ್ದಿಷ್ಟ ಕಾರಣಕ್ಕೆ ಬರೆದುಕೊಟ್ಟ ಒಪ್ಪಿಗೆ ಇಲ್ಲದೆ ಸಂಬಳ ಹಿಡಿಯೋ ಹಾಗಿಲ್ಲ. ಸೇರೋ ದಿನ ಕೊಡುವ ಕಾಗದದ ಕಟ್ಟಿನಲ್ಲಿ ಆ ಒಪ್ಪಿಗೆಯೂ ಇರಬಹುದು. ಓದದೆ ಸಹಿ ಹಾಕಬೇಡಿ. ಹಾಕಿದ ಪ್ರತಿಯೊಂದರ ನಕಲು ಇಟ್ಟುಕೊಳ್ಳಿ. ಒಪ್ಪಿಗೆ ಇಲ್ಲದೆ ಹಿಡಿದರೆ, ಸಂಬಳ ಬರಬೇಕಿದ್ದ ದಿನದಿಂದ 180 ದಿನದೊಳಗೆ ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್‌ಗೆ ದೂರು ಕೊಡಬಹುದು.

ಇನ್ನು ಕೈ ವಿಷಯ. "ನಾನು ಡಿಸೈನರ್, ಪ್ರೆಸ್ ಹತ್ತಿರ ಹೋಗಲ್ಲ" ಅನ್ನಬೇಡಿ. ಟ್ರೈಔಟ್‌ಗೆ ನಿಮ್ಮನ್ನೇ ಕರೀತಾರೆ. ಪೀಸ್‌ನಲ್ಲಿ ಬರ್ ಬಂತು, ಸ್ಪ್ರಿಂಗ್ ಬ್ಯಾಕ್ ಜಾಸ್ತಿ ಆಯ್ತು ಅಂತ ಬಗ್ಗಿ ನೋಡೋವಾಗ ಕೈ ಡೈ ಒಳಗೇ ಇರುತ್ತೆ. ಮೆಕ್ಯಾನಿಕಲ್ ಪವರ್ ಪ್ರೆಸ್‌ಗೆ ಓಶಾ ನಿಯಮ ಇದೆ: ಪಂಚ್ ಇಳಿಯೋ ಜಾಗಕ್ಕೆ ಗಾರ್ಡ್ ಅಥವಾ ರಕ್ಷಣಾ ಸಾಧನ ಇರಬೇಕು, ಪ್ರೆಸ್‌ನಲ್ಲಿರುವಾಗಲೇ ಡೈ ಸರಿಪಡಿಸೋದಾದರೆ ಸೇಫ್ಟಿ ಬ್ಲಾಕ್ ಇಡಬೇಕು. ಬ್ಲಾಕ್ ಕೊಡೋದು, ಇಡಿಸೋದು ಎರಡೂ ಮಾಲೀಕನ ಹೊಣೆ. "ಒಂದೇ ನಿಮಿಷ, ಬೇಗ ನೋಡಿಬಿಡು" ಅಂದರೂ ಬ್ಲಾಕ್ ಇಲ್ಲದೆ ಕೈ ಹಾಕಬೇಡಿ ಮಾರಾಯ್ರೆ. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆದರೆ ಓಶಾಗೆ 30 ದಿನದೊಳಗೆ ತಿಳಿಸಬೇಕು. ಈ ಗಡುವು ಬಹಳ ಚಿಕ್ಕದು.

ಊರಲ್ಲಿ ಇಎಸ್‌ಐ ಕಾರ್ಡ್ ಇದ್ದವರು ಇಲ್ಲೂ ಹಾಗೇ ಏನೋ ಇರುತ್ತೆ ಅಂದುಕೊಳ್ತಾರೆ. ಟೆಕ್ಸಾಸ್‌ನಲ್ಲಿ ಖಾಸಗಿ ಮಾಲೀಕರು ವರ್ಕರ್ಸ್ ಕಾಂಪೆನ್ಸೇಷನ್ ವಿಮೆ ಮಾಡಿಸಲೇಬೇಕು ಅಂತಿಲ್ಲ. ವಿಮೆ ಇದೆಯೋ ಇಲ್ಲವೋ ಅನ್ನೋದನ್ನ ಸೇರುವಾಗ ನಿಮಗೆ ಲಿಖಿತವಾಗಿ ತಿಳಿಸಬೇಕು ಅಷ್ಟೆ. ಸಂಬಳ ಎಷ್ಟು ಅಂತ ಕೇಳಿದ ಮೇಲಿನ ಎರಡನೇ ಪ್ರಶ್ನೆ ಇದೇ ಆಗಿರಲಿ. ಹೆಲ್ತ್ ಇನ್ಶೂರೆನ್ಸ್ ಇದೆಯಲ್ಲ ಅಂದರೆ, ಕೆಲಸದಲ್ಲಿ ಆದ ಗಾಯವನ್ನ ಹೊರಗಿಡೋ ಪಾಲಿಸಿಗಳು ಎಷ್ಟೋ ಇವೆ.

ವಿಮೆ ಇದ್ದರೆ, ಗಾಯವಾದ 30 ದಿನದೊಳಗೆ ಮಾಲೀಕನಿಗೆ ತಿಳಿಸಿ, 1 ವರ್ಷದೊಳಗೆ ರಾಜ್ಯದ ವರ್ಕರ್ಸ್ ಕಾಂಪೆನ್ಸೇಷನ್ ವಿಭಾಗಕ್ಕೆ ಕ್ಲೇಮ್ ಹಾಕಬೇಕು. ವಿಮೆ ಇಲ್ಲದ ಮಾಲೀಕನ ಅಜಾಗ್ರತೆಯಿಂದ ಗಾಯವಾದರೆ ಕೋರ್ಟಿಗೆ ಹೋಗಬಹುದು. "ನಿನ್ನದೂ ತಪ್ಪಿತ್ತು" ಅಂತ ಹೇಳಿ ಅವರು ಅಲ್ಲಿ ತಪ್ಪಿಸಿಕೊಳ್ಳೋ ಹಾಗಿಲ್ಲ. ಆದರೆ ಕೆಲವರು ತಮ್ಮದೇ ಯೋಜನೆ ಇಟ್ಟು, ಅದರಲ್ಲಿ ತಿಳಿಸೋ ಗಡುವನ್ನ ಇನ್ನೂ ಚಿಕ್ಕದು ಮಾಡಿರ್ತಾರೆ, ಕೋರ್ಟಿನ ಬದಲು ಮಧ್ಯಸ್ಥಿಕೆಗೆ ಒಪ್ಪಿಗೆ ಬರೆಸಿಕೊಂಡಿರ್ತಾರೆ. ಅದೂ ಆ ಸೇರುವ ದಿನದ ಕಟ್ಟಿನಲ್ಲೇ ಇರುತ್ತೆ. ಮನೆಗೆ ತಗೊಂಡು ಹೋಗಿ ಓದಿ ನಾಳೆ ಕೊಡ್ತೀನಿ ಅನ್ನಿ. ಇಂಗ್ಲಿಷ್ ಕಷ್ಟ ಅನಿಸಿದರೆ ನಮ್ಮ ವೇದಿಕೆಗೆ ತನ್ನಿ, ಕೂತು ಒಟ್ಟಿಗೆ ಓದೋಣ.