ಮಾರ್ಪಾಡು ಎಂಬ ಮಾತು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳಲ್ಲಿ ಅನೇಕರಿಗೆ ಮನೆಮಾತು ತೆಲುಗು, ಓದುಬರಹ ಕನ್ನಡ. ಅವರ ಬಾಯಲ್ಲಿ ‘ಮಾರು’ ಎಂಬ ಧಾತುವಿಗೆ ಎರಡರ್ಥ. ಶಿಡ್ಲಘಟ್ಟದ ಪೇಟೆಯಲ್ಲಿ ರೇಷ್ಮೆಗೂಡನ್ನು ಮಾರಿದರೆಂದು ಕನ್ನಡದಲ್ಲಿ ಹೇಳಿದರೆ ಅದು ವಿಕ್ರಯ. ತೆಲುಗಿನಲ್ಲಿ ವಿಕ್ರಯಕ್ಕೆ ‘ಅಮ್ಮು’ ಎಂಬ ಮಾತುಂಟು. ‘ಮಾರು’ ಎಂದರೆ ಬೇರೆಯಾಗು ಎಂದರ್ಥ. ತಮಿಳು ಮಲಯಾಳಗಳಲ್ಲಿಯೂ ಹಾಗೆಯೇ.

ಹಾಗಾದರೆ ಕನ್ನಡವು ದಾರಿ ತಪ್ಪಿತೇ? ಇಲ್ಲ. ಹಳಗನ್ನಡದಲ್ಲಿ ಶಕಟರೇಫದಿಂದ ಬರೆಯುತ್ತಿದ್ದ ‘ಮಾಱು’ ಶಬ್ದಕ್ಕೆ ವಿನಿಮಯವೆಂಬ ಅರ್ಥವೂ ಉಂಟು. ಒಂದನ್ನಿತ್ತು ಇನ್ನೊಂದನ್ನು ಪಡೆಯುವುದೇ ಮಾರಾಟವಷ್ಟೆ! ಮೂಲದ ಅರ್ಥವು ಮಾರುವೇಷ, ಮಾರುತ್ತರ, ಮಾರ್ದನಿ, ಮಾರ್ಪಾಡುಗಳಲ್ಲಿ ನಮ್ಮಲ್ಲಿಯೂ ಉಳಿದಿದೆ. ನಿತ್ಯವ್ಯವಹಾರದಲ್ಲಿ ಅದರ ಸ್ಥಾನಕ್ಕೆ ಬಂದ ‘ಬದಲು’ ಅರಬ್ಬಿಯದು. ಬಹುಕಾಲದ ಬಳಕೆಯಿಂದ ಅದೂ ನಮ್ಮದೇ ಆಗಿದೆ.

ಆದುದರಿಂದ ಆ ಸೀಮೆಯ ಹುಡುಗನು ಕನ್ನಡದ ಪ್ರಬಂಧದಲ್ಲಿ ‘ಕಾಲ ಮಾರಿತು’ ಎಂದು ಬರೆದರೆ, ಉಪಾಧ್ಯಾಯರು ‘ಮಾರ್ಪಟ್ಟಿತು’ ಎಂದು ತಿದ್ದಲಿ, ನಗದಿರಲಿ. ನಾವು ಸಮಾಸಗಳೊಳಗೆ ಬಚ್ಚಿಟ್ಟ ಅರ್ಥವನ್ನೇ ಆತನು ಮನೆಯಿಂದ ತಂದಿರುವನು. ನೆರೆಯ ನುಡಿಯನ್ನು ಬಲ್ಲವನು ನಮ್ಮ ನುಡಿಯ ಬೇರನ್ನೂ ಬಲ್ಲನು.